ಜಗಳಕ್ಕೊಂದು ದನಿ

ಒಬ್ಬಳೇ ಜಗಳವಾಡುವುದರಷ್ಟು ಮೈ ಉರಿಸುವ ಕೆಲಸ ಇನ್ನೊಂದಿಲ್ಲ. ಗೋಡೆಗೆ ಎಸೆದ ಚೆಂಡಾದರೂ ವಾಪಸ್ಸು ಬರುತ್ತದೆ. ನಾನು ಬೈದದ್ದೆಲ್ಲ ಹತ್ತಿಯ ಮೂಟೆಯೊಳಗೆ ಹೋಗಿ ಮಲಗುತ್ತಿತ್ತು.

ನನ್ನ ಗಂಡ ಸಂಜೀವ ಧಾರವಾಡದವರು. ಗಂಟಲಿನ ಆಪರೇಷನ್ ಆಗಿ, ಕೆಲವು ವಾರ ಪಿಸುಮಾತೂ ಕೂಡದೆಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿನ ಹಿಂದಿನ ಸಂಜೆಯೇ ಅವರು, ಲಾಸ್ ಏಂಜಲೀಸ್ ಆಫೀಸಿಗೆ ಬರುತ್ತೇನೆಂದು ಬಾಸ್‌ಗೆ ಮಾತು ಕೊಟ್ಟಿದ್ದನ್ನು ನನಗೆ ತಿಳಿಸಿದ್ದರು. ಗಮನಿಸಿ, ತಿಳಿಸಿದ್ದು, ಕೇಳಿದ್ದಲ್ಲ. ನಾವಿರುವ ರ್ಯಾಂಚೊ ಪೆನಾಸ್ಕಿಟೋಸ್‌ನ ಮನೆ, ಮಗಳ ಸ್ಕೂಲು, ನನ್ನ ಕೆಲಸ ಎಲ್ಲ ಬಿಟ್ಟು ಅಲ್ಲಿನ ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲೆ ಹೋಗಿ ಕೂರಬೇಕಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಬಾಯಿ ಮುಚ್ಚಿತ್ತು.

ಫೋನಿನಲ್ಲಿ ಬರೆಯಿರಿ ಎಂದೆ. ನನ್ನ ಸುದೀರ್ಘ ಕೋಪಕ್ಕೆ ಒಂದು ಹೆಬ್ಬೆರಳಿನ ಚಿತ್ರ ಬಂತು. ಬರೆದದ್ದನ್ನು ಓದಿ ಹೇಳುವ ಆ್ಯಪ್ ಹಾಕಿಕೊಟ್ಟೆ. ಅದರಲ್ಲಿದ್ದ ಕನ್ನಡ ದನಿ ವಿಮಾನ ಹೊರಡುವುದನ್ನು ಸಾರುವ ಹುಡುಗಿಯದು. ಅವಳ ಜೊತೆ ನನ್ನದೇನು ಜಗಳ?

"ಅಮ್ಮಾ, ಜಸ್ಟ್ ಲೆಟ್ ಇಟ್ ಗೋ," ಎಂದಳು ಮಗಳು ಇಳಾ. ಅವಳ ಮೇಲೂ ರೇಗಿದೆ.

ಆಗ ನೆನಪಾದದ್ದು ಸಂಜೀವ ಆಸೆಪಟ್ಟು ಕೊಂಡು ಮರೆತಿದ್ದ ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್. ಬಟಾಣಿಯಂಥ ಕೀಲಿಗಳು, ಕಿರುಚುವ ಸ್ಪೀಕರು. ಕನ್ನಡವನ್ನು ಗಂಡಸಿನ ಒರಟು ದನಿಯಲ್ಲಿ ಓದುವ ಪುಕ್ಕಟೆ ತಂತ್ರಾಂಶವೊಂದು ಅದರಲ್ಲಿ ಓಡಬಲ್ಲದು. ಆದರೆ ಆ ಕಂಪ್ಯೂಟರಿನ ಚಿಪ್‌ಗೆ ಯಾರೂ ಅದನ್ನು ಸಿದ್ಧ ಮಾಡಿಟ್ಟಿಲ್ಲ. ಮೂಲ ಕೋಡ್ ತಂದು ನಾವೇ ಕಂಪೈಲ್ ಮಾಡಿ, ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸಬೇಕು. ಅಂಗಡಿಯ ಹಿಟ್ಟು ತಂದು ದೋಸೆ ಹುಯ್ದಂತಲ್ಲ, ಅಕ್ಕಿ ನೆನೆಹಾಕುವುದರಿಂದಲೇ ಶುರು.

ಶುರುಮಾಡಿದೆ. ಅರ್ಧ ದಾರಿಯಲ್ಲಿ ಪರದೆಯ ಮೇಲೆ 'ಕಿಲ್ಡ್' ಎಂದು ಬಂತು. ಯಾರು ಕೊಂದರು, ಏಕೆ ಕೊಂದರು, ಒಂದು ಅಕ್ಷರ ವಿವರಣೆಯಿಲ್ಲ. ಈ ಮನೆಯಲ್ಲಿ ಗಂಡನೂ ಹಾಗೆಯೇ, ಯಂತ್ರವೂ ಹಾಗೆಯೇ! ಮೆಮರಿ ಸಾಲದೆ ಸತ್ತಿದೆಯೆಂದು ತಿಳಿದು, ಡಿಸ್ಕಿನಲ್ಲೇ ಒಂದಿಷ್ಟು ಜಾಗವನ್ನು ಅದಕ್ಕೆಂದು ಬಿಟ್ಟುಕೊಟ್ಟೆ. ಆಮೇಲೆ ಸಾಯಲಿಲ್ಲ, ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡತೊಡಗಿತು. ಕಂಡಕಂಡ ಫೋರಮ್ಮುಗಳನ್ನು ಶಪಿಸುತ್ತಾ ಹುಡುಕಿದರೆ, ಗಡಿಯಾರ ತಪ್ಪಿತ್ತು. ಯಂತ್ರದ ಪ್ರಕಾರ ಇನ್ನೂ 1970. ನಾನು ತಂದ ಫೈಲುಗಳೆಲ್ಲ ಅದರ ಕಣ್ಣಿಗೆ ಭವಿಷ್ಯದಿಂದ ಬಂದವು, ನಂಬುವುದು ಹೇಗೆ? ದಿನಾಂಕ ಸರಿಪಡಿಸಿದೆ. ತಣ್ಣಗೆ ಮುಗಿಯಿತು.

ಯಂತ್ರವನ್ನು ಸಂಜೀವರ ಮುಂದೆ ಕುಕ್ಕಿದೆ. "ಈಗ ಮಾತಾಡಿ."

ಅವರು ಬಹಳ ಹೊತ್ತು ಕೀಲಿ ಒತ್ತಿದರು. ಡಬ್ಬಿಯೊಳಗಿಂದ ಕೂಗಿದಂಥ ದನಿ ಬಂತು: "ನನಗೂ ಹೋಗೂ ಮನಸ್ಸಿಲ್ಲ. ಬಾಸ್ ಕೇಳಿದ, ಹೂಂ ಅಂದಬಿಟ್ಟೆ. ಈಗ ಇಲ್ಲ ಅನ್ನಲಿಕ್ಕೆ ಬಾಯಿ ಬರವಲ್ದು."

ನನ್ನ ಸಿಟ್ಟು ಇಮ್ಮಡಿಸಿತು. "ಅದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

ಮತ್ತೆ ಕೀಲಿಗಳು. "ನೀ ಎಲ್ಲೆ ಬಿಟ್ಟಿ ಹೇಳಲಿಕ್ಕೆ?"

ಇಳಾ ನಕ್ಕುಬಿಟ್ಟಳು. ನಾನು ನಗಲಿಲ್ಲ.

ಮರುದಿನದ ವಿಡಿಯೋ ಕರೆಯಲ್ಲಿ ಬಾಸ್‌ನೆದುರು ಅದೇ ಯಂತ್ರ ಹಿಡಿದು ಕೂತರು. ಅವರ ಸ್ವಂತ ಗಂಟಲಿನಿಂದ ಹೊರಟಿದ್ದರೆ ಆ ಮಾತು 'ಐ ಆಮ್ ಸಾರಿ'ಗಳಲ್ಲಿ ಎಡವಿ, ಕೊನೆಗೆ ಹೂಂ ಆಗಿ ಬೀಳುತ್ತಿತ್ತು. ಯಂತ್ರಕ್ಕೆ ಸಂಕೋಚ ಗೊತ್ತಿಲ್ಲ. "ಐ ಆಮ್ ನಾಟ್ ಮೂವಿಂಗ್," ಎಂದು ಅರಚಿ ಸುಮ್ಮನಾಯಿತು. ಬಾಸ್, "ಓಕೆ," ಎಂದ. ಅಷ್ಟೇ. ಇಷ್ಟಕ್ಕಾಗಿ ನಾನು ಅಷ್ಟು ದಿನ ಗಂಟಲು ಹರಿದುಕೊಂಡಿದ್ದೆ.

ದನಿ ಮರಳಿದ ವಾರ, ಪೊಮೊನಾದಲ್ಲಿರುವ ನನ್ನ ಗೆಳತಿಯ ಮನೆಯ ಪೂಜೆಗೆ ಹೊರಡೋಣವೆಂದೆ. ಸಂಜೀವ ಗಂಟಲು ಸರಿಮಾಡಿಕೊಂಡು, ಒಡಕು ದನಿಯಲ್ಲಿ, ಸ್ವಲ್ಪವೂ ತಡವರಿಸದೆ ಹೇಳಿದರು: "ಒಲ್ಲೆ. ನಾ ಬರೂದಿಲ್ಲ."

ಮೈಯೆಲ್ಲ ಉರಿದುಹೋಯಿತು. ಅವರನ್ನು ಕೇಳದೆಯೇ ನಾನು ಆಗಲೇ ಗೆಳತಿಗೆ ಹೂಂ ಅಂದಾಗಿತ್ತು.