ಚಕ್ರವಿಲ್ಲದ ಗಾಡಿಗೆ ಪೂಜೆ

"ಇದಕ್ಕೆ ಚಕ್ರ ಎಲ್ಲೋ ಮಾರಾಯ?" ಪೂಜೆಯ ನಿಂಬೆಹಣ್ಣು ಹಿಡಿದು ಬಗ್ಗಿದ್ದ ಭಟ್ಟರು ಕೇಳಿದರು. ಅರವತ್ತರ ದಶಕವದು. ರಿಪ್ಪನ್‌ಪೇಟೆಯ ಕೊಯ್ಲಾದ ಗದ್ದೆಯಲ್ಲಿ ಗೆಳೆಯ ಶಾಂತಪ್ಪ ತಾನೇ ಕಟ್ಟಿದ ಪುಟ್ಟ ಹೆಲಿಕಾಪ್ಟರನ್ನು ಮೊದಲ ಸಲ ಹಾರಿಸಲು ಕೂತಿದ್ದ. ಅದು ನಾನು ಬೆಸೆದ ಎರಡು ಕಬ್ಬಿಣದ ಕೊಳವೆಗಳ ಮೇಲೆ ನಿಂತಿತ್ತು. "ಹಣ್ಣು ಅಪ್ಪಚ್ಚಿ ಆಗ್ದೆ ಗಾಡಿ ಹೊರಡೋ ಹಂಗಿಲ್ಲ" ಎಂದು ಭಟ್ಟರು ಕೊಳವೆಗಳ ಪಕ್ಕ ಹಣ್ಣಿಟ್ಟರು.

ಇಂಜಿನ್ ಅಬ್ಬರಿಸಿತು. ಎದ್ದ ಧೂಳಿನಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಧೂಳು ಇಳಿದಾಗ ಯಂತ್ರ ಅಲ್ಲೇ ಇತ್ತು. "ಏಳ್ಲೇ ಇಲ್ಲ!" ಎಂದು ಜನ ನಕ್ಕರು. ಶಾಂತಪ್ಪ ತಲೆ ತಗ್ಗಿಸಿದ. ಭಟ್ಟರು ಬಗ್ಗಿ ನೋಡಿ ಕೂಗಿದರು: "ಎದ್ದಿದ್ದು ಹೌದು ಕಣ್ರೋ! ಪಕ್ಕ ಇಟ್ಟ ಹಣ್ಣು ಕೊಳವೆ ಕೆಳಗೆ ಅಪ್ಪಚ್ಚಿ!"

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ನನ್ನ ಬೆಸುಗೆ ನಿಂಬೆಹಣ್ಣಿನಷ್ಟು ಎತ್ತರಕ್ಕಾದರೂ ಹಾರಿದೆ. ನಕ್ಕವರದ್ದು ಅಷ್ಟೂ ಹಾರಿಲ್ಲ.