ಮೂಗಿನ ಪರ ವಕಾಲತ್ತು

ದುರ್ಗದಬೈಲ್‌ನಲ್ಲಿ ನಮ್ಮ ಚಹಾಪುಡಿ ಅಂಗಡಿಯ ಎದುರಿಗೇ ಒಬ್ಬ ಹಿರಿಯರ ಒಣಮೆಣಸಿನಕಾಯಿ ಅಂಗಡಿ ಇತ್ತು. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು. ಗಿರಾಕಿ ಸೀನುತ್ತ ಒಳಗೆ ಬಂದರೆ ಕಾಕಾ ಮೊದಲು ಕೊಡುತ್ತಿದ್ದುದು ಮೆಣಸಿನಕಾಯಿಯನ್ನಲ್ಲ, ಉಪದೇಶವನ್ನು.

"ಬಾಯಿ ಮುಚ್ಚರಿ. ಮೂಗು ಇರೂದು ಉಸಿರಿಗೆ, ಬಾಯಿ ಇರೂದು ರೊಟ್ಟಿಗೆ. ಮೂಗು ಧೂಳು ಸೋಸತದ, ಗಾಳಿ ಬೆಚ್ಚಗ ಮಾಡತದ. ಬಾಯಿಗೆ ಆ ಅಕಲ್ ಎಲ್ಲಿಂದ ಬರಬೇಕ್ರಿ?"

ಇಷ್ಟು ಹೇಳುವಷ್ಟರಲ್ಲಿ ಅವರಿಗೇ ದಮ್ಮು ಹತ್ತುತ್ತಿತ್ತು. ಬಾಯಿ ತೆರೆದು ಗಾಳಿ ಎಳೆದುಕೊಂಡು ಮುಂದಿನ ಗಿರಾಕಿಯತ್ತ ತಿರುಗುತ್ತಿದ್ದರು. ಖಾರದ ಧೂಳು ಸೋಸೀ ಸೋಸೀ ಅವರ ಮೂಗು ಎಂದೋ ರಾಜೀನಾಮೆ ಕೊಟ್ಟಿತ್ತು. ಆ ಸುದ್ದಿ ಕಾಕಾರೊಬ್ಬರಿಗೇ ಮುಟ್ಟಿರಲಿಲ್ಲ.

ಬಾಯಿಗೆ ಟೇಪು ಹಚ್ಚಿಕೊಂಡು ಮಲಗಿದರೆ ಮೂಗು ತಾನಾಗಿ ತೆರೆಯುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ಒಂದು ಮಧ್ಯಾಹ್ನ ಕಾಕಾ ಗಾದಿಯ ಮೇಲೆ ಅಡ್ಡಾಗುವ ಮುಂಚೆ ಹಚ್ಚಿಕೊಂಡೇಬಿಟ್ಟರು. ಅದು ಮೆಣಸಿನಕಾಯಿಯ ಪಾರ್ಸಲ್ಲಿಗೆ ಅಂಟಿಸುವ ಅಗಲವಾದ ಕಂದು ಟೇಪು. ಅದೂ ಮೀಸೆಯ ಮೇಲೆಯೇ.

ಕಣ್ಣು ಹತ್ತುವಷ್ಟರಲ್ಲಿ ಧಡಕ್ಕನೆ ಎದ್ದು ಕೂತರು. ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾನು ಓಡಿಹೋಗಿ ಟೇಪು ಕಿತ್ತೆ. ಅರ್ಧ ಮೀಸೆಯೂ ಜೊತೆಗೆ ಬಂತು. ಕಾಕಾ ಬಾಯಿ ಅಗಲಿಸಿ ಇಡೀ ದುರ್ಗದಬೈಲ್‌ನ ಗಾಳಿಯನ್ನು ಒಂದೇ ಸಲಕ್ಕೆ ಒಳಗೆ ಎಳೆದುಕೊಂಡರು. ನಾನು ಗಾಬರಿಯಲ್ಲಿ ನೋಡುತ್ತ ನಿಂತಿದ್ದೆ.

ಹಾಗೆ ಮರಳಿ ಬಂದ ಮೊದಲನೇ ಉಸಿರನ್ನು ಅವರು ನನ್ನ ಮೇಲೆಯೇ ಖರ್ಚು ಮಾಡಿದರು:

"ಯಾಕ ಹಿಂಗ ಬಾಯಿ ತಕ್ಕೊಂಡು ನಿಂತೀಯೋ ತಮ್ಮಾ? ಮುಚ್ಚು. ಮೂಗಿಲೆ ಉಸಿರಾಡು."