ಆಟಿಯಲ್ಲಿ ಬಂದ ಬಾಯಮ್ಮ

ಬಾಯಮ್ಮನ ತೋರುಬೆರಳಿನಲ್ಲಿ ಒಂದು ಗೀರು ಇತ್ತು. ಚಿಕ್ಕಂದಿನಲ್ಲಿ ಶಿರ್ವದ ಮನೆಯಲ್ಲಿ ಬಾಳೆನಾರು ಎಳೆದೆಳೆದು ಮಲ್ಲಿಗೆ ಕಟ್ಟಿದ ಗುರುತು. ದೊಡ್ಡ ಓದು ಓದಿ, ಬ್ಯಾಂಕುಗಳಿಗೆ ದರ್ಜೆ ಕೊಡುವ ಸರಕಾರಿ ತಪಾಸಣಾಧಿಕಾರಿಯಾಗಿ ಬೊಂಬಾಯಿಯಿಂದ ಬಂದಾಗಲೂ ಅದು ಮಾಸಿರಲಿಲ್ಲ. ಆ ಬೆರಳು ಮೇಲೆದ್ದರೆ ಎಂತೆಂಥ ಮ್ಯಾನೇಜರುಗಳೂ ಲೆಕ್ಕದ ಪುಸ್ತಕ ತಂದು ಮುಂದಿಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ಶಂಕರಪುರದ ಹೂವಿನ ಬೆಳೆಗಾರರಿಗೆ ಸಾಲ ಕೊಡುತ್ತಿದ್ದ ಪುಟ್ಟ ಬ್ಯಾಂಕಿನಲ್ಲಿ ನಾನು ಆಫೀಸರ್. ಆಗ ದರ್ಜೆ ಕೊಡುತ್ತಿದ್ದದ್ದು ಡಿಸೆಂಬರಿನ ಕೊನೆಯ ದಿನದ ಠೇವಣಿ ನೋಡಿ. ದೊಡ್ಡ ಬ್ಯಾಂಕಿನವರು ಸಿರಿವಂತರ ಕೈಕಾಲು ಹಿಡಿದು ಆ ದಿನಕ್ಕೆ ಹಣ ತಂದಿಡುತ್ತಿದ್ದರು. ಮರುದಿನ ಅದು ಬಂದ ದಾರಿಯನ್ನೇ ಹಿಡಿಯುತ್ತಿತ್ತು. ನಮಗೆಲ್ಲಿಯ ಸಿರಿವಂತರು? ‘ದುರ್ಬಲ’ ಎಂಬ ಹಣೆಪಟ್ಟಿ ಆಗಲೇ ಬಿದ್ದಿತ್ತು. ಇನ್ನೊಮ್ಮೆ ಬಿದ್ದರೆ ಬಾಗಿಲು ಹಾಕಬೇಕು.

ಅವರು ಬಂದದ್ದು ಆಟಿ ತಿಂಗಳ, ಅಂದರೆ ನಮ್ಮ ತುಳುವರ ಆಷಾಢದ ಮಳೆಯಲ್ಲಿ, ಹೇಳದೆ ಕೇಳದೆ. ಮದುವೆಗಳಿಲ್ಲ, ಮಲ್ಲಿಗೆಗೆ ಕ್ರಯವಿಲ್ಲ. ನಮ್ಮ ಮ್ಯಾನೇಜರು ಕೈಮುಗಿದರು: “ಇದೆಂತ ಸಮಯ ಮೇಡಂ? ಡಿಸೆಂಬರಿನಲ್ಲಿ ಬನ್ನಿ.”

“ಮದುವೆ ದಿನ ಎಲ್ಲ ಮದುಮಗಳೂ ಚಂದವೇ ಮಾರಾಯ್ರೆ. ಆಟಿಯಲ್ಲಿ ಒಲೆ ಉರಿಯುತ್ತದಾ ಇಲ್ವಾ, ನನಗೆ ಅದು ನೋಡ್ಲಿಕ್ಕುಂಟು” ಎಂದು ಬೆಂಚಿನಲ್ಲಿ ಕೂತೇಬಿಟ್ಟರು.

ಹೆಂಗಸರು ಒಬ್ಬೊಬ್ಬರೇ ಒದ್ದೆ ಸೆರಗು ಹಿಂಡುತ್ತಾ ಬಂದು ಸಾಲದ ಕಂತು ಕಟ್ಟಿಹೋದರು. ಮೇಡಂ ಒಬ್ಬಳನ್ನು ಕೇಳಿದರು: “ಹೂವಿಗೆ ಬೆಲೆಯಿಲ್ಲ, ಇದೆಲ್ಲಿಂದ?”

“ಮೇ ತಿಂಗಳಲ್ಲೇ ತೆಗೆದಿಟ್ಟದ್ದು ಬಾಯಮ್ಮ. ಆಟಿ ಬರ್ತದೆ ಅಂತ ಗೊತ್ತುಂಟಲ್ವಾ!”

ಕ್ರಿಸ್ತುವ ಹೆಂಗಸರನ್ನು ನಮ್ಮೂರಲ್ಲಿ ಮರ್ಯಾದೆಯಿಂದ ಕರೆಯುವುದು ಹಾಗೆ; ಅಂದಿನಿಂದ ನಮಗೂ ಅವರು ಬಾಯಮ್ಮನೇ. ಆ ಹೆಂಗಸಿನ ಮಾತು ಹಿಡಿದುಕೊಂಡು ಮೇಲಿನವರ ಹತ್ತಿರ ವರ್ಷಗಟ್ಟಲೆ ಜಗಳಾಡಿದರು; ಅಷ್ಟರವರೆಗೆ ನಮ್ಮ ಬಾಗಿಲು ಹಾಕಿಸಲೂ ಬಿಡಲಿಲ್ಲ. ಒಂದು ದಿನದ ಅಲಂಕಾರಕ್ಕೆ ಅಂಕ ಬೇಡ, ಹೇಳದೆ ಹೋಗಿ, ಕಷ್ಟದ ತಿಂಗಳಲ್ಲಿ ಸಾಲ ಹೇಗೆ ಮರಳುತ್ತದೆ ನೋಡಿ ಎಂದು ಒಂದೇ ಹಟ. ಮಣಿಪಾಲದ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು “ನಿಮ್ಮ ಹೂವಿನ ಕತೆ ಇಲ್ಲಿ ಬೇಡ” ಎಂದು ನಕ್ಕರು. ಬೆರಳು ಮೇಲೆದ್ದಿತು: “ನಗಿ ಸರ್. ನಿಮ್ಮ ಸ್ವಂತ ಹಣ ಎಲ್ಲಿಡುತ್ತೀರಿ? ಡಿಸೆಂಬರಿನಲ್ಲಿ ಮಾತ್ರ ತುಂಬಿರುವ ಬ್ಯಾಂಕಿನಲ್ಲಾ?” ಅವರ ನಗು ಅಲ್ಲಿಗೇ ನಿಂತಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಶಿಳ್ಳೆ ಹೊಡೆಯುವಷ್ಟು ಖುಷಿ!

ಎಂಬತ್ತರ ದಶಕದಲ್ಲಿ ಹೊಸ ಕ್ರಮ ಬಂದೇ ಬಂತು. ಮೊದಲ ತಪಾಸಣೆಯಲ್ಲೇ ನಮಗೆ ಉತ್ತಮ ದರ್ಜೆ! ಶಂಕರಪುರದ ಹೆಂಗಸರು ಬಾಯಮ್ಮನ ನೆರೆತ ತಲೆ ಕಾಣದಷ್ಟು ಮಲ್ಲಿಗೆ ಮುಡಿಸಿದರು. “ಸಾಕು, ಕುತ್ತಿಗೆ ನೋಯ್ತದೆ” ಎಂದು ಬೈಯುತ್ತಲೇ ತಲೆ ಬಗ್ಗಿಸಿ ಕೂತಿದ್ದರು.

ಅವರು ತೀರಿಕೊಂಡದ್ದೂ ಆಟಿಯಲ್ಲೇ. ಶಿರ್ವದ ಇಗರ್ಜಿಗೆ ಹೋಗಿ, ಮಣ್ಣು ಹಾಕಿ, ಒದ್ದೆ ಬಟ್ಟೆಯಲ್ಲೇ ಶಂಕರಪುರಕ್ಕೆ ಬಂದು ಬ್ಯಾಂಕಿನ ಬಾಗಿಲು ತೆರೆದೆ. ಆಟಿಯಲ್ಲಿ ನಾವು ಬಾಗಿಲು ಹಾಕಿದರೆ ಬಾಯಮ್ಮ ಸುಮ್ಮನಿರುತ್ತಾರಾ?